ಇಂಗ್ಲೆಂಡಿನ ಚಳಿಗಾಲ, ಗೋಡೆ ಮೇಲಿನ ಕಪ್ಪು ಬೂಷ್ಟು

ಇಂಗ್ಲೆಂಡಿಗೆ ಬಂದು ಬಾಡಿಗೆ ಮನೆ ಹಿಡಿದ ನಮ್ಮವರು ನವೆಂಬರ್ ಹೊತ್ತಿಗೆ ಒಂದೇ ಪ್ರಶ್ನೆ ಕೇಳುತ್ತಾರೆ: ವಾರ್ಡ್‌ರೋಬಿನ ಹಿಂದೆ ಕಪ್ಪು ಚುಕ್ಕೆ ಎದ್ದಿದೆ, ಏನು ಮಾಡೋದು? ಮಲೆನಾಡಿನವರಿಗೆ ಬೂಷ್ಟು ಹೊಸದಲ್ಲ. ಆದರೆ ಅಲ್ಲಿ ಅದು ಹೊರಗಿನ ಮಳೆಯದ್ದು. ಇಲ್ಲಿ ಎಷ್ಟೋ ಸಲ ನಾವೇ ಒಳಗೆ ಎಬ್ಬಿಸಿದ ಹಬೆಯದ್ದು.

ಕುಕ್ಕರ್, ಇಡ್ಲಿ ಪಾತ್ರೆ, ಬಿಸಿನೀರಿನ ಸ್ನಾನ, ಒಳಗೆ ಒಣಹಾಕಿದ ಬಟ್ಟೆ, ರಾತ್ರಿಯ ಉಸಿರು ಕೂಡ. ಊರಲ್ಲಿ ಕಿಟಕಿ ತೆರೆದೇ ಇರುತ್ತದೆ, ಹಬೆ ಹೋಗುತ್ತದೆ. ಇಲ್ಲಿ ಚಳಿಗೆ ಎಲ್ಲ ಮುಚ್ಚಿರುತ್ತೇವೆ. ಹಬೆ ತಣ್ಣಗಿನ ಗೋಡೆಗೆ ತಾಗಿ ನೀರಾಗುತ್ತದೆ. ವಿಕ್ಟೋರಿಯನ್ ಕಾಲದ ಸಾಲುಮನೆಗಳ ಹೊರಗೋಡೆ ಸಾಮಾನ್ಯವಾಗಿ ನಡುವೆ ಸಂದಿಲ್ಲದ ಇಟ್ಟಿಗೆಯದ್ದು, ಬೇಗ ತಣ್ಣಗಾಗುತ್ತದೆ.

ಒಲೆ ಮೇಲಿನ ಹುಡ್ ಹೊಗೆಯನ್ನು ಹೊರಗೆ ಬಿಡುತ್ತದೋ, ಸುಮ್ನೆ ಸೋಸಿ ವಾಪಸ್ ಅಡುಗೆಮನೆಗೇ ಬಿಡುತ್ತದೋ ನೋಡಿ. ಎರಡನೇ ಬಗೆಯದ್ದಾದರೆ ಅಡುಗೆ ಮಾಡುವಾಗ ಕಿಟಕಿ ತೆರೆಯಲೇಬೇಕು. ಸ್ನಾನವಾದ ಮೇಲೂ ಫ್ಯಾನ್ ಸ್ವಲ್ಪ ಹೊತ್ತು ಓಡಲಿ. ಕಿಟಕಿಯ ಮೇಲಂಚಿನ ಸಣ್ಣ ಗಾಳಿಕಂಡಿಗೆ ಟೇಪ್ ಅಂಟಿಸಬೇಡಿ. ಚಳಿ ಅಂತ ನಮ್ಮವರು ಮಾಡುವ ಮೊದಲ ಕೆಲಸವೇ ಅದು! ಒಂದೇ ರೂಮಿಗೆ ಜೋರಾಗಿ ಹೀಟಿಂಗ್ ಹಾಕಿ ಉಳಿದದ್ದನ್ನು ತಣ್ಣಗೆ ಬಿಟ್ಟರೆ ಹಬೆ ಆ ತಣ್ಣನೆ ರೂಮಿಗೇ ಹೋಗಿ ಕೂರುತ್ತದೆ. ಎಲ್ಲ ಕಡೆ ಹದವಾದ ಬಿಸಿ ಇರಲಿ. ಹೊರಗೋಡೆಗೆ ಮಂಚ, ಬೀರು ಒತ್ತಿ ಇಡಬೇಡಿ. ತೇವ ಅಳೆಯುವ ಪುಟ್ಟ ಮೀಟರ್ ಅಗ್ಗಕ್ಕೆ ಸಿಗುತ್ತದೆ. ಅದರಲ್ಲಿ 40ರಿಂದ 60 ಶೇಕಡಾ ಇದ್ದರೆ ಚೆನ್ನ. ಬಟ್ಟೆ ಒಳಗೇ ಒಣಗಿಸಬೇಕಾದವರಿಗೆ ಗಾಳಿಯ ತೇವ ಹೀರುವ ಡಿಹ್ಯುಮಿಡಿಫೈಯರ್ ದಂಡದ ಖರ್ಚಲ್ಲ.

ಬಂದ ಬೂಷ್ಟನ್ನು ಒಣ ಬ್ರಷ್‌ನಿಂದ ಉಜ್ಜಬೇಡಿ, ಅದರ ಪುಡಿ ಗಾಳಿಗೆ ಏಳುತ್ತದೆ. ಮಾಸ್ಕ್, ಗ್ಲೌಸ್ ಹಾಕಿ ಒದ್ದೆ ಬಟ್ಟೆಯಲ್ಲಿ ಒರೆಸಿ. ಬ್ಲೀಚ್ ಬಳಸಿದರೆ ವಿನೆಗರ್ ಹತ್ತಿರ ತರಬೇಡಿ, ವಿಷದ ಗಾಳಿ ಹುಟ್ಟುತ್ತದೆ. ಆಸ್ತಮಾ ಇರುವ ಮಗುವನ್ನು ಆ ಹೊತ್ತಿಗೆ ಬೇರೆ ಕಡೆ ಇರಿಸಿ.

ಇಷ್ಟೆಲ್ಲ ನಾವು ಮಾಡುವುದು. ಆದರೆ ನೆಲದಿಂದ ಮೇಲಕ್ಕೇರಿದ ಕಲೆ, ಮಳೆ ಬಂದಾಗ ದೊಡ್ಡದಾಗುವ ಸೀಲಿಂಗಿನ ಕಂದು ಉಂಗುರ ನಿಮ್ಮ ಅಡುಗೆಯಿಂದ ಬಂದದ್ದಲ್ಲ. ಸೂರಿನಂಚಿನ ಒಡೆದ ಗಟರ್, ಸೋರುವ ಪೈಪು, ಕೆಟ್ಟ ಫ್ಯಾನ್ ಸರಿಮಾಡಿಸುವುದು ಮಾಲೀಕರ ಕೆಲಸ. ಏಜೆಂಟರಿಗೆ ಫೋನಲ್ಲಿ ಹೇಳಿ ಸುಮ್ಮನಾಗಬೇಡಿ. ಫೋಟೋ ಸಮೇತ ಇಮೇಲ್ ಕಳಿಸಿ. "ನೀವು ಜಾಸ್ತಿ ಅಡುಗೆ ಮಾಡ್ತೀರಿ" ಅನ್ನುವ ಉತ್ತರ ಬಂದರೆ ನಾಚಿಕೊಂಡು ಬಾಯಿ ಮುಚ್ಚಬೇಡಿ. ಮನುಷ್ಯರು ಇದ್ದ ಮೇಲೆ ಅಡುಗೆ ಮಾಡದೆ ಇರ್ತಾರಾ?

ಮನೆ ವಾಸಕ್ಕೆ ಯೋಗ್ಯವಾಗಿರಬೇಕು ಎನ್ನುವ 2018ರ ಕಾಯ್ದೆ ಖಾಸಗಿ ಬಾಡಿಗೆದಾರರಿಗೂ ಇದೆ. ರೋಚ್‌ಡೇಲಿನಲ್ಲಿ 2 ವರ್ಷದ ಅವಾಬ್ ಇಶಾಕ್ 2020ರಲ್ಲಿ ಮನೆಯ ಬೂಷ್ಟಿನಿಂದಾಗಿ ತೀರಿಕೊಂಡ. ಬೂಷ್ಟಿನ ದೂರಿಗೆ ಗಡುವಿನೊಳಗೆ ಸ್ಪಂದಿಸಬೇಕೆನ್ನುವ, ಅವನ ಹೆಸರಿನ ನಿಯಮ 2025ರ ಅಕ್ಟೋಬರಿನಲ್ಲಿ ಕೌನ್ಸಿಲ್ (ಸ್ಥಳೀಯ ಆಡಳಿತ) ಮತ್ತು ಹೌಸಿಂಗ್ ಅಸೋಸಿಯೇಷನ್ (ಲಾಭಕ್ಕಲ್ಲದೆ ಮನೆ ಬಾಡಿಗೆ ಕೊಡುವ ಸಂಸ್ಥೆ) ಮನೆಗಳಿಗೆ ಮೊದಲು ಬಂತು. ಖಾಸಗಿ ಮಾಲೀಕರು ಕಿವಿಗೆ ಹಾಕಿಕೊಳ್ಳದಿದ್ದರೆ ಕೌನ್ಸಿಲ್ಲಿನ ಎನ್ವಿರಾನ್ಮೆಂಟಲ್ ಹೆಲ್ತ್ ವಿಭಾಗಕ್ಕೆ ಬರೆಯಿರಿ. ಸಿಟ್ಟಿಗೆ ಬಾಡಿಗೆ ಮಾತ್ರ ನಿಲ್ಲಿಸಬೇಡಿ, ಬಾಕಿ ಇದೆ ಅಂತ ನಿಮ್ಮ ಮೇಲೆಯೇ ಕೇಸ್ ಹಾಕಬಹುದು.