ಹತ್ತು ಕಿಲೋ ಹೆಸರುಕಾಳು ಮತ್ತು ನನ್ನ ಮೂರು ಪೆಟ್ಟಿಗೆಗಳು

ನಮ್ಮ ವೈನಿ (ಅತ್ತಿಗೆ) ಗದಗಿನಲ್ಲಿ ನಾಲ್ಕೈದು ಖಾನಾವಳಿಗಳಿಗೆ ಮೊಳಕೆ ಕಾಳು ಕೊಡುತ್ತಾರೆ. ಹೆಸರುಕಾಳು, ಮಡಕಿಕಾಳು ಎರಡೂ. ಮೊದಲು ದಿನಕ್ಕೆ ಎರಡು ಕಿಲೋ ಇತ್ತು. ಅರಿವೆಯಲ್ಲಿ ಗಂಟು ಕಟ್ಟಿ ಗೂಟಕ್ಕೆ ನೇತುಹಾಕಿದರೆ ಮುಗಿಯಿತು. ಹತ್ತು ಕಿಲೋ ಆದಾಗ ತೊಂದರೆ ಶುರುವಾಯಿತು. ಗಂಟು ಬಿಚ್ಚಿದರೆ ಅಂಚಿನ ಕಾಳು ಚೆನ್ನಾಗಿರುತ್ತಿತ್ತು, ನಡುವಿನದು ಬಿಸಿ, ಲೋಳೆ, ಹುಳಿ ವಾಸನೆ. "ನೀ ಕಬ್ಬಿಣದ ಕೆಲಸ ಮಾಡಾಂವ ಅದಿಯಲ್ಲ, ಇದಕ್ಕೊಂದು ಮಷೀನ್ ಮಾಡಿಕೊಡಪಾ" ಅಂದರು. ನನ್ನದು ಹುಬ್ಬಳ್ಳಿಯ ಗೋಕುಲ ರಸ್ತೆಯಲ್ಲಿ ಸಣ್ಣ ಫ್ಯಾಬ್ರಿಕೇಶನ್ ಶೆಡ್. ಒಂದು ವಾರದ ಕೆಲಸ ಅಂದುಕೊಂಡೆ. ಒಂದೂವರೆ ವರ್ಷ ಹಿಡಿಯಿತು.

ಮೊದಲನೇ ಪೆಟ್ಟಿಗೆಗೆ ಆರು ಟ್ರೇ, ಮೇಲೆ ನೀರು ಚಿಮುಕಿಸುವ ನಾಜಲ್, ಹಿಂದೆ ಒಂದು ಎಕ್ಸಾಸ್ಟ್ ಫ್ಯಾನ್. ನೋಡಲು ಭಾರೀ ಚಂದ ಇತ್ತು. ಕಾಳು ಮಾತ್ರ ಕೆಟ್ಟಿತು. ಪೆಟ್ಟಿಗೆಯೊಳಗಿನ ಗಾಳಿ 28 ಡಿಗ್ರಿ ತೋರಿಸುತ್ತಿತ್ತು. ಥರ್ಮಾಮೀಟರಿನ ಕಡ್ಡಿಯನ್ನು ಕಾಳಿನ ನಡುವೆ ಚುಚ್ಚಿದೆ, 39! ಹಸಿ ಮೇವು ಒಟ್ಟಿದ ಬಣವೆ ಒಳಗೊಳಗೇ ಕಾಯುತ್ತದಲ್ವಾ, ಹಾಗೇ ಇದು. ಮೊಳೆಯುವ ಕಾಳು ಉಸಿರಾಡುತ್ತದೆ, ಶಾಖ ಬಿಡುತ್ತದೆ. ಸಣ್ಣ ಗಂಟಿನಲ್ಲಿ ಆ ಶಾಖ ಅರಿವೆಯ ತೇವದ ಜೊತೆ ಆರಿಹೋಗುತ್ತದೆ. ದೊಡ್ಡ ರಾಶಿಯಲ್ಲಿ ಅದಕ್ಕೆ ಹೊರಬರುವ ದಾರಿಯೇ ಇಲ್ಲ. ನಾನು ನೀರು ಕೊಡುವ ಯಂತ್ರ ಮಾಡಿದ್ದೆ, ಬೇಕಾಗಿದ್ದದ್ದು ಶಾಖ ತೆಗೆಯುವ ಯಂತ್ರ.

ಹಾಗಾದರೆ ಫ್ಯಾನ್ ಏನು ಮಾಡುತ್ತಿತ್ತು? ಊದಿನಕಡ್ಡಿ ಹಚ್ಚಿ ಒಳಗೆ ಹಿಡಿದೆ. ಹೊಗೆ ಟ್ರೇಗಳ ಮೇಲಿಂದ ಜಾರಿ ಸೀದಾ ಫ್ಯಾನಿಗೆ ಹೋಯಿತು. ಕಾಳಿನೊಳಗೆ ಒಂದೆಳೆಯೂ ಹೋಗಲಿಲ್ಲ. ಗಾಳಿಯೂ ನಮ್ಮ ಹಾಗೇ, ಸಲೀಸಾದ ದಾರಿ ಬಿಟ್ಟು ಬೇರೆ ಕಡೆ ಹೋಗುವುದಿಲ್ಲ.

ಎರಡನೇ ಪೆಟ್ಟಿಗೆಯಲ್ಲಿ ಗಾಳಿಯನ್ನು ಕೆಳಗಿನಿಂದ ಊದಿದೆ. ಟ್ರೇ ತಳಕ್ಕೆ ಎರಡು ಮಿಲಿಮೀಟರ್ ತೂತಿನ ಶೀಟು, ಅಂಚಿಗೆ ರಬ್ಬರ್ ಬೀಡಿಂಗ್, ಸಂದು ಇರಬಾರದು. ಇದು ಹೊಸ ಉಪಾಯವೇನಲ್ಲ. ಮಾಲ್ಟ್, ಅಂದರೆ ಮೊಳಕೆ ಬರಿಸಿ ಒಣಗಿಸಿದ ಧಾನ್ಯ, ಮಾಡುವವರು ಬಾರ್ಲಿಯನ್ನು ತೂತಿನ ತಳದ ಮೇಲೆ ಹರವಿ ಕೆಳಗಿನಿಂದ ತೇವದ ಗಾಳಿ ಬಿಡುವುದನ್ನು 19ನೇ ಶತಮಾನದಿಂದಲೂ ಮಾಡುತ್ತಿದ್ದಾರೆ. ಮೊದಲೇ ಗೊತ್ತಿದ್ದರೆ ಒಂದು ಪೆಟ್ಟಿಗೆಯ ಶೀಟು ಉಳಿಯುತ್ತಿತ್ತು.

ಒಂದರ ಮೇಲೊಂದು ಆರೂ ಟ್ರೇಗಳ ಮೂಲಕ ಅದೇ ಗಾಳಿ ಕಳಿಸಿದ್ದು ಮತ್ತೊಂದು ತಪ್ಪು. ಮೇಲಿನ ಟ್ರೇಗೆ ಕೆಳಗಿನವರ ಬಿಸಿ ಉಸಿರೇ ಸಿಗುತ್ತಿತ್ತು. ಮೂರನೇ ಪೆಟ್ಟಿಗೆಯಲ್ಲಿ ಪ್ರತಿ ಟ್ರೇ ಕೆಳಗೂ ಬೇರೆ ಪಿವಿಸಿ ಪೈಪು, ಅದಕ್ಕೊಂದು ವಾಲ್ವ್. ಹಿಂದಿನೆರಡು ಜಿಐ (ಸತು ಲೇಪಿಸಿದ ಕಬ್ಬಿಣ) ಶೀಟಿನವು, ತುಕ್ಕು ಹಿಡಿದವು. ಇದು ಪೂರ್ತಿ ಸ್ಟೇನ್‌ಲೆಸ್ ಸ್ಟೀಲ್.

ಇನ್ನು ತೇವ. ಮಾರ್ಚ್‌, ಏಪ್ರಿಲ್‌ನಲ್ಲಿ ಗದಗಿನ ಮಧ್ಯಾಹ್ನದ ಗಾಳಿ ತುಟಿ ಒಡೆಯುವಷ್ಟು ಒಣಗಿರುತ್ತದೆ. ಅದನ್ನೇ ಊದಿದರೆ ತಳದ ಕಾಳು ಮೊಳಕೆ ಬಿಡುವ ಮೊದಲೇ ಸುಕ್ಕಾಗುತ್ತದೆ. ಮಂಜು ಎಬ್ಬಿಸುವ ಅಲ್ಟ್ರಾಸಾನಿಕ್ ಫಾಗರ್ ತಂದೆ. ಬೋರ್‌ವೆಲ್‌ನ ಗಡಸು ನೀರಿಗೆ ಕಾಳಿನ ಮೇಲೆಲ್ಲ ಬಿಳಿ ಪುಡಿ ಕೂತಿತು. ಒಂದೇ ತಿಂಗಳಿಗೆ ಫಾಗರೂ ಸತ್ತಿತು. ಕೊನೆಗೆ ಕೂಲರಿನ ಜೇನುಗೂಡು ಪ್ಯಾಡ್ ಹಾಕಿದೆ. ಹೊರಗೆ 37 ಡಿಗ್ರಿ ಇದ್ದರೂ ಒದ್ದೆ ಪ್ಯಾಡ್ ದಾಟಿದ ಗಾಳಿ 27ಕ್ಕೆ ಇಳಿಯುತ್ತದೆ, ತೇವವೂ ಸಿಗುತ್ತದೆ. ಮಳೆಗಾಲದಲ್ಲಿ ಪ್ಯಾಡ್ ಅಷ್ಟು ತಂಪು ಮಾಡುವುದಿಲ್ಲ, ಆಗ ಹೊರಗಿನ ಗಾಳಿಯೇ ತಂಪಾಗಿರುತ್ತದೆ ಬಿಡಿ. ಚಳಿಗಾಲದ ರಾತ್ರಿಗೆ ಒಂದು ನೂರು ವ್ಯಾಟ್ ಬಲ್ಬು. ಅದನ್ನು ಪ್ಯಾಡಿನ ಹಿಂದೆ, ಗಾಳಿ ಒಳಬರುವ ಕಡೆಗೇ ಇಡಬೇಕು. ಮುಂದೆ ಇಟ್ಟರೆ, ತೇವ ಹೀರಿದ ಗಾಳಿ ಕಾದು ಮತ್ತೆ ಬಾಯಾರುತ್ತದೆ, ಕಾಳಿನ ನೀರನ್ನೇ ಕುಡಿಯುತ್ತದೆ.

ಬ್ಲೋವರ್ ಇಪ್ಪತ್ತು ನಿಮಿಷಕ್ಕೊಮ್ಮೆ ಐದು ನಿಮಿಷ ತಿರುಗುತ್ತದೆ. ನಾಲ್ಕು ತಾಸಿಗೊಮ್ಮೆ ಮೇಲಿಂದ ನೀರು ಬೀಳುತ್ತದೆ. ನೆನೆದ ಕಾಳನ್ನು ಎರಡು ಇಂಚಿಗಿಂತ ದಪ್ಪ ಹರವುವುದಿಲ್ಲ. ನೆನೆದಾಗಲೇ ತೂಕ ಹೆಚ್ಚುಕಡಿಮೆ ಎರಡರಷ್ಟಾಗುತ್ತದೆ, ಮೊಳಕೆ ಬಂದರೆ ಇನ್ನೂ ಉಬ್ಬುತ್ತದೆ.

ನೀರಿನ ವಿಷಯಕ್ಕೆ ವೈನಿಗೂ ನನಗೂ ಜಗಳವೇ ಆಯಿತು. ನಲ್ಲಿ ನೀರು ದಿನಾ ಬರುವುದಿಲ್ಲ, ಬಸಿದ ನೀರನ್ನೇ ಪಂಪಿನಿಂದ ಮತ್ತೆ ಮೇಲೆ ಹತ್ತಿಸು ಅಂತ ಅವರು. ಎರಡು ದಿನ ಹಾಗೇ ಮಾಡಿ ನೋಡಿದೆವು, ಟ್ಯಾಂಕ್ ಗಬ್ಬು ನಾರಿತು. ಒಂದು ಟ್ರೇಯ ಕೆಡುಕು ಆರಕ್ಕೂ ಹರಡುತ್ತದೆ. 2011ರಲ್ಲಿ ಜರ್ಮನಿಯಲ್ಲಿ ಮೊಳಕೆಯಿಂದ ಹರಡಿದ ಇ. ಕೋಲಿ ಎಂಬ ಬ್ಯಾಕ್ಟೀರಿಯಾದ ಸೋಂಕಿಗೆ 50ಕ್ಕೂ ಹೆಚ್ಚು ಜನ ಸತ್ತರು. ಮೆಂತ್ಯದ ಬೀಜದಿಂದ ಬಂದಿತ್ತು ಅನ್ನುವುದು ತನಿಖೆಯಲ್ಲಿ ಗೊತ್ತಾಯಿತು. ನಮ್ಮಲ್ಲಿ ಪಲ್ಯ ಮಾಡುತ್ತಾರೆ, ಕಾಳು ಬೇಯುತ್ತದೆ. ಆದರೆ ಉಳ್ಳಾಗಡ್ಡಿ ಹೆಚ್ಚಿಹಾಕಿ ಹಸಿಯಾಗಿ ತಿನ್ನುವವರೂ ಇದ್ದಾರಲ್ಲ! ಈಗ ಬಸಿದ ನೀರು ಹಿತ್ತಲಿನ ಕರಿಬೇವಿಗೆ ಹೋಗುತ್ತದೆ. ಪ್ರತಿ ಸಲ ಟ್ರೇಗಳನ್ನು ಕುದಿಯುವ ನೀರಲ್ಲಿ ತೊಳೆದು ಬಿಸಿಲಿಗೆ ಇಡುತ್ತಾರೆ. ಪ್ಯಾಡನ್ನೂ ವಾರಕ್ಕೊಮ್ಮೆ ಒಣಗಿಸಬೇಕು, ಇಲ್ಲದಿದ್ದರೆ ಪಾಚಿ ಕಟ್ಟುತ್ತದೆ.

ಕರೆಂಟ್ ಹೋದರೆ ಇದಕ್ಕೆ ಉಪಾಯವಿಲ್ಲ. ಟ್ರೇಗಳನ್ನು ಹೊರಗೆಳೆದು ಒದ್ದೆ ಅರಿವೆ ಹೊದಿಸುವುದೇ.

ಈಗ ವೈನಿಗೆ ಮೊಳಕೆ ರಾಗಿ ಹಿಟ್ಟಿನ ಆರ್ಡರ್ ಬಂದಿದೆ. ರಾಗಿ ಎರಡು ಮಿಲಿಮೀಟರಿನ ತೂತಿನಿಂದ ಉದುರುತ್ತದೆ. ತೂತು ಸಣ್ಣದು ಮಾಡಿದರೆ ಗಾಳಿ ಏರುವುದಿಲ್ಲ. ಸದ್ಯಕ್ಕೆ ಟ್ರೇ ಮೇಲೆ ತೆಳು ಅರಿವೆ ಹಾಸಿ, ಒಂದೇ ಇಂಚು ಹರವುತ್ತಿದ್ದೇವೆ. ಅರಿವೆ ವೈನಿಯ ಹಳೇ ಗಂಟಿನದೇ.