ಟ್ಯಾಬ್ ಪುಸ್ತಕಕ್ಕೆ ದುಡ್ಡು ಕೊಡುವ ಮುಂಚೆ ನಾಲ್ಕು ಬಾರ್ ಎಣಿಸಿ

ಕಲಬುರಗಿ ಎಪಿಎಂಸಿಯಲ್ಲಿ ತೊಗರಿ ಕೊಳ್ಳುವವರು ಚೀಲದ ಮೇಲಿನ ಅಚ್ಚು ನೋಡಿ ದರ ಕೂಗುವುದಿಲ್ಲ. ಚೀಲದೊಳಗೆ ಕೈ ಹಾಕಿ, ಒಂದು ಹಿಡಿ ಕಾಳು ಎತ್ತಿ ಅಂಗೈ ಮೇಲೆ ಹರವಿ ನೋಡುತ್ತಾರೆ. ಯಾವ ತಂತಿಯನ್ನು ಎಲ್ಲಿ ಒತ್ತಬೇಕೆಂದು ಅಂಕಿಗಳಲ್ಲಿ ಬರೆದ ರಾಕ್ ಹಾಡುಗಳ ಗಿಟಾರ್ ಟ್ಯಾಬ್ ಪುಸ್ತಕ ಕೊಳ್ಳುವವರು ಮಾತ್ರ ಮುಖಪುಟದ ಚಿತ್ರ, ಹಾಡುಗಳ ಪಟ್ಟಿ, ಬೆಲೆ ಈ ಮೂರನ್ನೇ ನೋಡಿ ಆರ್ಡರ್ ಒತ್ತಿಬಿಡುತ್ತಾರೆ. ಕಾಲೇಜು ಫೆಸ್ಟಿಗೆ ಹದಿನೈದು ದಿನ ಇರುವಾಗ ಪುಸ್ತಕ ಕೈಗೆ ಬರುತ್ತದೆ. ಬರೆದದ್ದನ್ನು ಬರೆದ ಹಾಗೇ ನುಡಿಸಿದರೂ ಹಾಡು ಹಾಡಿನಂತೆ ಕೇಳುವುದಿಲ್ಲ. ಹುಡುಗರು ತಮ್ಮ ಬೆರಳನ್ನೇ ಬೈದುಕೊಳ್ಳುತ್ತಾರೆ. ಎಷ್ಟೋ ಸಲ ತಪ್ಪು ಬೆರಳಿನದಲ್ಲ, ಪುಟದ್ದು.

ಪರೀಕ್ಷೆಗೆ ಬೇಕಾದದ್ದು ಇಷ್ಟೇ: ಟ್ಯೂನ್ ಮಾಡಿದ ಗಿಟಾರ್, ಹೆಡ್‌ಫೋನ್, ಹಾಡಿನ ಮೂಲ ಧ್ವನಿಮುದ್ರಣ, ಒಂದು ಬಿಳಿ ಹಾಳೆ, ನಲವತ್ತು ನಿಮಿಷ. ಆನ್‌ಲೈನಿನಲ್ಲಿ ತರಿಸಿದ್ದರೆ ವಾಪಸು ಕಳಿಸುವ ಗಡುವು ಮುಗಿಯುವ ಮೊದಲೇ ಕೂತುಬಿಡಿ. ಗುರುತುಗಳೆಲ್ಲ ಹಾಳೆಯ ಮೇಲಿರಲಿ. ಪುಸ್ತಕದ ಮೇಲೆ ಗೀಚಿದರೆ ಯಾರೂ ವಾಪಸು ತೆಗೆದುಕೊಳ್ಳುವುದಿಲ್ಲ.

ಮೊದಲು ಜಾತಿ ಗುರುತಿಸಿ

'ಗಿಟಾರ್' ಎಂಬ ಪದ ಮುಖಪುಟದಲ್ಲಿ ಇದ್ದ ಮಾತ್ರಕ್ಕೆ ಅದು ಗಿಟಾರ್ ಪುಸ್ತಕವಲ್ಲ. ಅತಿ ಹೆಚ್ಚು ಮೋಸ ಹೋಗುವುದು 'ಪಿಯಾನೋ-ವೋಕಲ್-ಗಿಟಾರ್' ಎಂಬ ಬಗೆಯಲ್ಲಿ. ಇದರಲ್ಲಿ ಹಾಡಿನ ಸಾಲು, ಕೆಳಗೆ ಪಿಯಾನೋಗೆ ಇಳಿಸಿದ ವಾದನ, ಮೇಲೆ ಪುಟ್ಟ ಚೌಕದಲ್ಲಿ ಗಿಟಾರ್ ಕಾರ್ಡ್ (ಒಟ್ಟಿಗೆ ನುಡಿಸುವ ಸ್ವರಗಳ ಹಿಡಿತ) ಚಿತ್ರ ಇರುತ್ತವೆ. ಮತ್ತೆ ಮತ್ತೆ ಬರುವ ಪುಟ್ಟ ಸ್ವರಗುಚ್ಛವಾದ ರಿಫ್ ಇಲ್ಲ, ಗಿಟಾರ್ ಒಂಟಿಯಾಗಿ ಮೆರೆಯುವ ಸೋಲೋ ಇಲ್ಲ. ಬೀದರಿನ ಚರ್ಚುಗಳಲ್ಲಿ ಕೀಬೋರ್ಡ್ ನುಡಿಸುವವರಿಗೆ ಇದು ಒಳ್ಳೆಯ ಪುಸ್ತಕವೇ. ಆದರೆ ಲೀಡ್ ಗಿಟಾರಿನವರು ಕೊಂಡರೆ ದುಡ್ಡು ದಂಡ. 'ಈಜಿ ಗಿಟಾರ್' ಎಂದಿದ್ದರೆ ಹಾಡನ್ನು ಸುಲಭದ ಸ್ವರಶ್ರೇಣಿಗೆ ಬದಲಿಸಿ, ಕಷ್ಟದ ಕಡೆ ಕತ್ತರಿ ಹಾಕಿರುತ್ತಾರೆ. ರೆಕಾರ್ಡಿಂಗ್ ಜೊತೆ ನುಡಿಸಹೊರಟರೆ ಸ್ವರ ಕೂಡದೇ ಹೋಗಬಹುದು. ಧ್ವನಿಮುದ್ರಣದಲ್ಲಿ ಕೇಳಿದ್ದನ್ನು ಕೇಳಿದಂತೆ ಬರೆದದ್ದು ಬೇಕಿದ್ದರೆ 'ರೆಕಾರ್ಡೆಡ್ ವರ್ಷನ್ಸ್' ಎಂಬ ಹೆಸರಿನ ಪುಸ್ತಕಮಾಲೆ ಹುಡುಕಿ. ಬೇಸ್, ಡ್ರಮ್ಸ್, ಕೀಬೋರ್ಡ್ ಎಲ್ಲವೂ ಒಂದೇ ಪುಟದಲ್ಲಿ ಬೇಕೆಂದರೆ 'ಟ್ರಾನ್‌ಸ್ಕ್ರೈಬ್ಡ್ ಸ್ಕೋರ್ಸ್' ಅಥವಾ ಬ್ಯಾಂಡ್ ಸ್ಕೋರ್ ಎಂದಿರಬೇಕು. ತಂಡಕ್ಕೆ ಒಂದೇ ಪುಸ್ತಕ ಕೊಳ್ಳುವ ಶಕ್ತಿ ಇದ್ದರೆ ಕಣ್ಣುಮುಚ್ಚಿ ಬ್ಯಾಂಡ್ ಸ್ಕೋರನ್ನೇ ಕೊಳ್ಳಿ.

ರಾಕ್‌ಸ್ಕೂಲ್, ಟ್ರಿನಿಟಿ ಮುಂತಾದ ಗ್ರೇಡ್ ಪರೀಕ್ಷೆಯ ಪುಸ್ತಕಗಳನ್ನು ಈ ಅಳತೆಗೋಲಿನಿಂದ ಅಳೆಯಬೇಡಿ. ಅವು ಪರೀಕ್ಷೆಯ ಮಟ್ಟಕ್ಕೆ ಹೊಂದಿಸಿದ ಪಾಠಗಳು.

ಮೊದಲ ಪುಟ, ಕೊನೆಯ ಪುಟ

ಪ್ರತಿ ಹಾಡಿನ ಅಡಿಯಲ್ಲಿ ಹಕ್ಕುಸ್ವಾಮ್ಯದ ಸಾಲು, ಹಾಡು ಬರೆದವರ ಹೆಸರು ಇರಬೇಕು. ಲಿಪಿ ಬರೆದವರ ಹೆಸರೂ ಇದ್ದರೆ ಇನ್ನೂ ಒಳ್ಳೆಯದು. ಪುಸ್ತಕದ ಹಿಂದೆ ಅಥವಾ ಮುಂದೆ ಚಿಹ್ನೆಗಳ ಅರ್ಥಸೂಚಿ ಇರಬೇಕು: ಬೆಂಡ್, ಹ್ಯಾಮರ್-ಆನ್, ಪುಲ್-ಆಫ್, ಸ್ಲೈಡ್, ಪಾಮ್ ಮ್ಯೂಟ್, ಹಾರ್ಮೋನಿಕ್ ಯಾವುದನ್ನು ಹೇಗೆ ಬರೆದಿದ್ದಾರೆ ಎಂಬ ಪಟ್ಟಿ. ಇದಿಲ್ಲದ ಪುಸ್ತಕವನ್ನು ಅಲ್ಲೇ ಕೆಳಗಿಡಿ.

ಮಾತ್ರೆ ಕೂಡಿಸಿ

ಟ್ಯಾಬ್ ಎಂದರೆ ಆರು ಗೆರೆ, ಗೆರೆಯ ಮೇಲೆ ಅಂಕಿ. ಅತಿ ಕೆಳಗಿನ ಗೆರೆ ದಪ್ಪನೆಯ ಆರನೇ ತಂತಿ, ಅತಿ ಮೇಲಿನದು ತೆಳ್ಳನೆಯ ಒಂದನೇ ತಂತಿ. ಅಂಕಿ ಫ್ರೆಟ್ಟಿನದು, ಅಂದರೆ ಗಿಟಾರಿನ ಕತ್ತಿನ ಮೇಲಿನ ಲೋಹದ ಪಟ್ಟಿಯದು. ಎಲ್ಲಿ ಒತ್ತಬೇಕೆಂದು ಅಂಕಿ ಹೇಳುತ್ತದೆ, ಎಷ್ಟು ಹೊತ್ತು ಒತ್ತಬೇಕೆಂದು ಹೇಳುವುದಿಲ್ಲ. ಹಾಗಾಗಿ ಟ್ಯಾಬಿನ ಮೇಲೆ ಐದು ಗೆರೆಯ ಪಾಶ್ಚಾತ್ಯ ಸ್ವರಲಿಪಿ ಇರಬೇಕು, ಇಲ್ಲವೇ ಅಂಕಿಗಳಿಗೇ ಕಾಲ ತೋರಿಸುವ ಕಡ್ಡಿಗಳಿರಬೇಕು. ಎರಡೂ ಇಲ್ಲದ ಟ್ಯಾಬ್, ತಾಳ ಬರೆಯದ ಬಂದಿಶ್ ಇದ್ದಂತೆ. ಹಾಡು ಮೊದಲೇ ಬಾಯಿಪಾಠ ಇದ್ದವರಿಗೆ ಮಾತ್ರ ಅದು ಉಪಯೋಗ.

ಯಾವುದಾದರೂ ಮೂರು ಬಾರ್ (ಎರಡು ನೆಟ್ಟನೆ ಗೆರೆಗಳ ನಡುವಿನ ಭಾಗ) ಆರಿಸಿ, ಮಾತ್ರೆ ಕೂಡಿಸಿ. 4/4 ಎಂದಿದ್ದರೆ ಪ್ರತಿ ಬಾರಿಗೆ ನಾಲ್ಕು ಮಾತ್ರೆ: ಅರ್ಧ ಮಾತ್ರೆಯವು ಎಂಟು, ಇಲ್ಲವೇ ಕಾಲು ಮಾತ್ರೆಯವು ಹದಿನಾರು. ಒಂದೂವರೆ, ಅರ್ಧ, ಎರಡು ಎಂದಿದ್ದರೆ ಲೆಕ್ಕ ಸರಿ. ಮೂರೂವರೆಯೋ ನಾಲ್ಕೂಕಾಲೋ ಬಂತೆಂದರೆ ಆ ಪುಟವನ್ನು ಅಚ್ಚಿಗೆ ಮೊದಲು ಯಾರೂ ಓದಿಲ್ಲ. ಮೌನದ ಚಿಹ್ನೆಗಳನ್ನೂ ಕೂಡಿಸಬೇಕು. ಅವನ್ನು ಬಿಟ್ಟು 'ಪುಸ್ತಕ ತಪ್ಪು' ಎನ್ನುವವರೂ ಇದ್ದಾರೆ.

ಮೇಲಿನ ಸ್ವರ, ಕೆಳಗಿನ ಅಂಕಿ ಒಂದರ ಕೆಳಗೊಂದು ನೇರ ಇವೆಯೇ ನೋಡಿ. ಪಾಶ್ಚಾತ್ಯ ಲಿಪಿ ಬಾರದವರಿಗೆ ಮೂರು ಗುರುತು ಸಾಕು. ಐದನೇ ತಂತಿಯ 3ನೇ ಫ್ರೆಟ್ ಎಂದರೆ ಸಿ ಸ್ವರ. ಅದು ಐದು ಗೆರೆಗಳ ಕೆಳಗಿನ ಒಂದು ತುಂಡು ಗೆರೆಯ ಮೇಲೆ ಕೂರಬೇಕು. ಮೂರನೇ ತಂತಿಯ 2ನೇ ಫ್ರೆಟ್ ಎಂದರೆ ಎ, ಕೆಳಗಿನಿಂದ ಎರಡನೇ ಸಂದಿನಲ್ಲಿ. ಒಂದನೇ ತಂತಿ ಖಾಲಿ ಎಂದರೆ ಇ, ಎಲ್ಲಕ್ಕಿಂತ ಮೇಲಿನ ಸಂದಿನಲ್ಲಿ. ಗಿಟಾರಿನ ಲಿಪಿಯನ್ನು ನಿಜವಾದ ಸ್ವರಕ್ಕಿಂತ ಒಂದು ಸಪ್ತಕ ಮೇಲೆ ಬರೆಯುವುದು ರೂಢಿ. ಕೀಬೋರ್ಡಿನವರು ಅದನ್ನು ಓದಿ 'ಸ್ವರ ಕೂಡುತ್ತಿಲ್ಲ' ಎಂದರೆ ಗಾಬರಿಯಾಗಬೇಡಿ.

ಅಂಕಿ ಎಲ್ಲಿ ಕೂತಿದೆ?

ಬಹುಪಾಲು ಪುಸ್ತಕಗಳು ಬೀಳುವುದು ಇಲ್ಲಿ, ಬಹುಪಾಲು ಓದುಗರಿಗೆ ತಿಳಿಯದೇ ಹೋಗುವುದೂ ಇಲ್ಲೇ. ಹಾರ್ಮೋನಿಯಂನಲ್ಲಿ ಒಂದು ಸ್ವರಕ್ಕೆ ಒಂದೇ ಮನೆ. ಗಿಟಾರಿನಲ್ಲಿ ಹಾಗಿಲ್ಲ. ಒಂದನೇ ತಂತಿಯನ್ನು ಖಾಲಿ ಮೀಟಿದಾಗ ಬರುವ ಇ ಸ್ವರವೇ ಎರಡನೇ ತಂತಿಯ 5ನೇ ಫ್ರೆಟ್ಟಿನಲ್ಲಿ, ಮೂರನೆಯದರ 9ರಲ್ಲಿ, ನಾಲ್ಕನೆಯದರ 14ರಲ್ಲಿ, ಐದನೆಯದರ 19ರಲ್ಲಿ ಸಿಗುತ್ತದೆ. ಐದೂ ಸರಿಯಾದ ಸ್ವರವೇ. ಆದರೆ ಖಾಲಿ ತಂತಿ ಹೊಳೆಯುತ್ತದೆ, ದಪ್ಪ ತಂತಿಯ ಮೇಲಿನ ಫ್ರೆಟ್ ಮಂದವಾಗಿ, ಗಡುಸಾಗಿ ಕೇಳುತ್ತದೆ. ಖಾಲಿ ತಂತಿಯನ್ನು ಎಳೆದು ಬೆಂಡ್ ಮಾಡಲೂ ಆಗದು. ಮೂಲ ವಾದಕ ಯಾವ ಮನೆಯಲ್ಲಿ ನುಡಿಸಿದ್ದಾನೆ ಎಂಬುದನ್ನು ಕಿವಿಯಿಂದಲೂ ವಿಡಿಯೋದಿಂದಲೂ ಪತ್ತೆ ಹಚ್ಚಿದವರ ಪುಸ್ತಕಕ್ಕೆ ಬೆಲೆ. ಮಿಕ್ಕವರು ಕೀಬೋರ್ಡಿನಲ್ಲಿ ನುಡಿಸಿದ ಮಿಡಿ ಫೈಲನ್ನು ಸಾಫ್ಟ್‌ವೇರಿಗೆ ಕೊಟ್ಟು ಟ್ಯಾಬ್ ತೆಗೆಯುತ್ತಾರೆ. ಅಂಥ ಫೈಲಿನಲ್ಲಿ ಸ್ವರ ಇರುತ್ತದೆ, ತಂತಿ ಯಾವುದೆಂಬ ಮಾಹಿತಿ ಇರುವುದಿಲ್ಲ. ಯಂತ್ರ ತನಗೆ ತೋಚಿದಲ್ಲಿ ಅಂಕಿ ಇಡುತ್ತದೆ.

ಅಂಥ ಜೊಳ್ಳನ್ನು ಹಿಡಿಯುವುದು ಹೀಗೆ. ಕಾಲು ಮಾತ್ರೆಯ ವೇಗದ ಸಾಲಿನಲ್ಲಿ 2, 3, 14, 2 ಎಂದು ಅಂಕಿ ಜಿಗಿದರೆ ಸಂಶಯಪಡಿ. ಒಂದೇ ಕಾರ್ಡಿನಲ್ಲಿ ಒಂದೇ ತಂತಿಯ ಮೇಲೆ ಎರಡು ಅಂಕಿ ಕೂತಿದ್ದರೆ ಸಂಶಯವೂ ಬೇಡ, ತಪ್ಪೇ. ಬೆರಳಿನ ಚಾಚು ಅಳೆಯಿರಿ: 648 ಮಿ.ಮೀ. ಉದ್ದದ ತಂತಿಯುಳ್ಳ ಸಾಮಾನ್ಯ ಎಲೆಕ್ಟ್ರಿಕ್ ಗಿಟಾರಿನಲ್ಲಿ 1ನೇ ಫ್ರೆಟ್ಟಿನಿಂದ 5ನೆಯದಕ್ಕೆ ಸುಮಾರು 126 ಮಿ.ಮೀ., 12ರಿಂದ 16ಕ್ಕೆ ಬರೀ 67 ಮಿ.ಮೀ. ಹಾಗಾಗಿ 12 ಮತ್ತು 16 ಒಟ್ಟಿಗೆ ಹಿಡಿಯಲು ಹೇಳಿದರೆ ನಂಬಬಹುದು. 1 ಮತ್ತು 6 ಒಟ್ಟಿಗೆ ಹಿಡಿಯಲು ಹೇಳಿದವರು ಗಿಟಾರ್ ಹಿಡಿದು ನೋಡಿಲ್ಲ.

ಅಂಗಡಿಯಲ್ಲೇ ನಿಂತು ಮಾಡಬಹುದಾದ ಪರೀಕ್ಷೆಯೂ ಒಂದಿದೆ. ಡೀಪ್ ಪರ್ಪಲ್ ತಂಡದ 1972ರ 'ಸ್ಮೋಕ್ ಆನ್ ದ ವಾಟರ್' ಇಂಥ ಪುಸ್ತಕಗಳಲ್ಲಿ ಆಗಾಗ ಸಿಗುವ ಹಾಡು. ತಂಡದ ಗಿಟಾರ್ ವಾದಕ ರಿಚಿ ಬ್ಲ್ಯಾಕ್‌ಮೋರ್ ಅದರ ರಿಫ್ ನುಡಿಸುವುದು ನಾಲ್ಕನೇ ಮತ್ತು ಮೂರನೇ ತಂತಿಗಳ ಜೋಡಿಯ ಮೇಲೆ: ಎರಡರಲ್ಲೂ 0, ಎರಡರಲ್ಲೂ 3, ಎರಡರಲ್ಲೂ 5. ಪ್ಲೆಕ್ಟ್ರಮ್ ಇಲ್ಲದೆ ಬೆರಳಿನಿಂದ ಎರಡೂ ತಂತಿ ಒಟ್ಟಿಗೆ ಕೀಳುತ್ತಾನೆ. ಇದನ್ನೇ ಒಂಟಿ ತಂತಿಯ ಮೇಲೆ 0-3-5 ಎಂದೋ, ಆರನೇ ತಂತಿಯ 3ರಿಂದ ಶುರುವಾಗುವ ಪವರ್ ಕಾರ್ಡ್ (ಮೂಲ ಸ್ವರ ಮತ್ತು ಅದರ ಪಂಚಮದ ಜೋಡಿ) ಎಂದೋ ಬರೆದ ಪುಸ್ತಕಗಳು ಎಷ್ಟೋ ಇವೆ. 'ಈಜಿ' ಎಂದು ಹೇಳಿಕೊಂಡೇ ಬರೆದಿದ್ದರೆ ಕ್ಷಮಿಸಬಹುದು. 'ರೆಕಾರ್ಡಿಂಗ್‌ನಂತೆಯೇ' ಎಂದು ಬೆನ್ನಿಗೆ ಅಚ್ಚು ಹಾಕಿ ಹೀಗೆ ಬರೆದಿದ್ದರೆ ಮಿಕ್ಕ ಹಾಡುಗಳನ್ನು ತೆರೆದು ನೋಡುವ ಶ್ರಮವೂ ಬೇಡ. ಮೆಟಾಲಿಕಾದ 'ನಥಿಂಗ್ ಎಲ್ಸ್ ಮ್ಯಾಟರ್ಸ್' (1991) ಇದ್ದರೆ ಇನ್ನೂ ಸುಲಭ: ಶುರುವಿನ ನಾಲ್ಕು ಸ್ವರ ಆರು, ಮೂರು, ಎರಡು, ಒಂದನೇ ತಂತಿಗಳ ಸೊನ್ನೆಗಳೇ. ಬೇರೆ ಅಂಕಿ ಕಂಡರೆ ಪುಸ್ತಕ ಮುಚ್ಚಿ.

ಸೋಲೋ ಇರುವ ಪುಟದಲ್ಲಿ ಬೆಂಡ್ ಬಾಣಗಳನ್ನು ಹುಡುಕಿ. ಮೂರನೇ ತಂತಿಯ 7ರಲ್ಲಿ ಡಿ ಹಿಡಿದು ಒಂದು ಪೂರ್ಣ ಸ್ವರದಷ್ಟು ಎಳೆದರೆ 9ನೇ ಫ್ರೆಟ್ಟಿನ ಇ ಕೇಳುತ್ತದೆ. ಒಳ್ಳೆಯ ಪುಸ್ತಕ 7ರ ಮೇಲೆ ಬಾಣ ಹಾಕಿ 'ಫುಲ್' ಎಂದೋ '1' ಎಂದೋ ಅಳತೆ ಬರೆಯುತ್ತದೆ, ಬಿಟ್ಟು ಇಳಿಸುವುದನ್ನೂ ತೋರಿಸುತ್ತದೆ. ಕೆಟ್ಟದ್ದು ಸುಮ್ಮನೆ 7, 9 ಎಂದು ಬರೆಯುತ್ತದೆ. ಸ್ವರ ಅದೇ, ಅಳು ಮಾತ್ರ ಹೋಯಿತು. ಮೀಂಡ್ ಇಲ್ಲದ ರಾಗದಂತೆ. ಅಳತೆಯಿಲ್ಲದ ಬರೀ ಬಾಣವೂ ಸಾಲದು: ಅರ್ಧ ಸ್ವರವೋ ಪೂರ್ಣವೋ ಎಂಬುದೇ ಅಲ್ಲಿನ ಪ್ರಶ್ನೆ.

ಟ್ಯೂನಿಂಗ್, ಕೇಪೋ

ತಂತಿಗಳನ್ನು ಯಾವ ಸ್ವರಕ್ಕೆ ಕೂಡಿಸಬೇಕು, ಎಲ್ಲ ತಂತಿಗಳನ್ನೂ ಒಂದೇ ಫ್ರೆಟ್ಟಿನಲ್ಲಿ ಒತ್ತಿ ಹಿಡಿಯುವ ಕ್ಲಿಪ್ಪಾದ ಕೇಪೋ ಎಲ್ಲಿ ಹಾಕಬೇಕು ಎಂಬುದು ಹಾಡಿನ ಹೆಸರಿನ ಕೆಳಗೇ ಇರಬೇಕು. ಗನ್ಸ್ ಆ್ಯಂಡ್ ರೋಸಸ್ ತಂಡದ ಮೊದಲ ಆಲ್ಬಮ್ಮಿನಲ್ಲಿ ತಂತಿಗಳು ಅರ್ಧ ಸ್ವರ ಕೆಳಗಿವೆ. ಪುಸ್ತಕ ಅದನ್ನು ಹೇಳದಿದ್ದರೆ ರೆಕಾರ್ಡಿಂಗ್ ಜೊತೆ ಎಂದೂ ಕೂಡುವುದಿಲ್ಲ. ಈಗಲ್ಸ್ ತಂಡದ 'ಹೋಟೆಲ್ ಕ್ಯಾಲಿಫೋರ್ನಿಯಾ' ಬಿ ಮೈನರ್ ಹಾಡು. ಶುರುವಿನ ಹನ್ನೆರಡು ತಂತಿಯ ಗಿಟಾರಿಗೆ 7ನೇ ಫ್ರೆಟ್ಟಿನಲ್ಲಿ ಕೇಪೋ ಹಾಕಿ ಇ ಮೈನರ್ ಹಿಡಿತದಿಂದ ನುಡಿಸಿದ್ದು. ಕೇಪೋ ಇದ್ದಾಗ ಅಂಕಿಗಳನ್ನು ಕೇಪೋ ಇರುವ ಫ್ರೆಟ್ಟನ್ನೇ 0 ಎಂದುಕೊಂಡು ಎಣಿಸಬೇಕೋ, ಗಿಟಾರಿನ ಕತ್ತಿನ ತುದಿಯಿಂದ ಎಣಿಸಬೇಕೋ ಎಂದು ಪುಸ್ತಕ ಒಂದು ಸಾಲಿನಲ್ಲಿ ತಿಳಿಸಿರಬೇಕು.

ರೆಕಾರ್ಡಿಂಗ್ ಪಕ್ಕ ಇಟ್ಟು

ಯೂಟ್ಯೂಬಿನ ವೇಗವನ್ನು 0.75ಕ್ಕೆ, ಸೋಲೋ ಬಂದಾಗ 0.5ಕ್ಕೆ ಇಳಿಸಿ. ಇಡೀ ಹಾಡು ಬೇಡ. ಶುರುವಿನ ನಾಲ್ಕು ಬಾರ್, ಎರಡನೇ ಚರಣದ ನಾಲ್ಕು, ಸೋಲೋದ ನಾಲ್ಕು, ಮುಕ್ತಾಯದ ನಾಲ್ಕು. ಎರಡನೇ ಚರಣವನ್ನು ಬಿಡಬೇಡಿ. ಮೊದಲ ಚರಣವನ್ನು ಎಲ್ಲರೂ ಶ್ರದ್ಧೆಯಿಂದ ಬರೆಯುತ್ತಾರೆ. ಎರಡನೆಯದರಲ್ಲಿ ವಾದಕ ಸೇರಿಸುವ ಸಣ್ಣ ತಿರುವುಗಳನ್ನು ಒಳ್ಳೆಯ ಪುಸ್ತಕ 'ಫಿಲ್ 1', 'ಫಿಲ್ 2' ಎಂದು ಬೇರೆಯಾಗಿ ಕೊಡುತ್ತದೆ, ಸೋಮಾರಿ ಪುಸ್ತಕ ಪುನರಾವರ್ತನೆಯ ಚಿಹ್ನೆ ಹಾಕಿ ಕೈ ತೊಳೆದುಕೊಳ್ಳುತ್ತದೆ. 'ರಿದಮ್ ಫಿಗರ್ 1ರ ಜೊತೆ' (ಹಿಂದೆ ಬರೆದ ಪಕ್ಕವಾದ್ಯದ ಭಾಗವನ್ನೇ ಇಲ್ಲೂ ನುಡಿಸಿ) ಎಂದು ಬರೆದ ಕಡೆ, ಆ ಫಿಗರ್ ಎಲ್ಲಿ ಶುರು, ಎಲ್ಲಿ ಮುಗಿತಾಯ ಎಂದು ಹಿಂದಿನ ಪುಟದಲ್ಲಿ ಗುರುತಿದೆಯೇ ಹುಡುಕಿ. ಮುಗಿತಾಯದ ಗುರುತು ಬಿಟ್ಟುಹೋಗಿದ್ದರೆ ಎರಡನೇ ಗಿಟಾರಿನವನು ವೇದಿಕೆ ಮೇಲೆ ದಾರಿ ತಪ್ಪುತ್ತಾನೆ.

ಟ್ಯಾಬ್ ಬರೆದು ನುಡಿಸಿ ಕೇಳಿಸುವ ಸಾಫ್ಟ್‌ವೇರಾದ ಗಿಟಾರ್ ಪ್ರೋ ಫೈಲುಗಳನ್ನು ಬಳಸುವವರಿಗೆ ಒಂದು ಎಚ್ಚರಿಕೆ. ಮಾತ್ರೆ ಕೂಡದ ಬಾರನ್ನು ಆ ಸಾಫ್ಟ್‌ವೇರ್ ಕೆಂಪಾಗಿ ತೋರಿಸುತ್ತದೆ, ಅದು ಅನುಕೂಲವೇ. ಆದರೆ ಅದು ನುಡಿಸಿದ್ದು ಕಿವಿಗೆ ಸರಿ ಕೇಳಿತೆಂದರೆ ಸ್ವರ ಸರಿ ಎಂದಷ್ಟೇ ಅರ್ಥ. ಕಂಪ್ಯೂಟರಿಗೆ ಬೆರಳಿಲ್ಲ, 1 ಮತ್ತು 6 ಅದಕ್ಕೆ ಸಲೀಸು.

ಬ್ಯಾಂಡ್ ಸ್ಕೋರ್ ಆದರೆ

ಡ್ರಮ್ಸ್ ಸಾಲಿಗೆ ಪ್ರತ್ಯೇಕ ಅರ್ಥಸೂಚಿ ಇರಬೇಕು. ಸಾಮಾನ್ಯವಾಗಿ ಬೇಸ್ ಡ್ರಮ್ ಅತಿ ಕೆಳಗಿನ ಸಂದಿನಲ್ಲಿ, ಸ್ನೇರ್ ಕೆಳಗಿನಿಂದ ಮೂರನೆಯದರಲ್ಲಿ, ಹೈ-ಹ್ಯಾಟ್ ಅತಿ ಮೇಲಿನ ಗೆರೆಗಿಂತಲೂ ಮೇಲೆ ಗುಣಾಕಾರ ಚಿಹ್ನೆಯಾಗಿ ಬರುತ್ತದೆ. ಒಂದು ಬಾರ್ ಬರೆದು ಮಿಕ್ಕ ಮೂವತ್ತಕ್ಕೆ 'ಅದೇ' ಎಂಬ ಚಿಹ್ನೆ ಹಾಕಿದ್ದರೆ ಫಿಲ್‌ಗಳೆಲ್ಲ ಕಾಣೆಯಾಗಿವೆ ಎಂದೇ ತಿಳಿಯಿರಿ. ಬೇಸ್ ಗಿಟಾರಿನ ನಾಲ್ಕು ಗೆರೆಯಲ್ಲಿ ಕಾರ್ಡಿನ ಮೂಲ ಸ್ವರ ಬಿಟ್ಟು ಬೇರೇನೂ ಇಲ್ಲದಿದ್ದರೆ ಒಮ್ಮೆ ಹೆಡ್‌ಫೋನ್ ಹಾಕಿ ಕೇಳಿ. ಕೆಲವು ಹಾಡಿನಲ್ಲಿ ಅದು ನಿಜವೇ ಇರುತ್ತದೆ.

ಕಾಗದ, ಹೊಲಿಗೆ, ಜೆರಾಕ್ಸ್

ಮಡಚಿ ಪಿನ್ ಹೊಡೆದ ಪುಸ್ತಕ ಸ್ಟ್ಯಾಂಡಿನ ಮೇಲೆ ಅಂಗಾತ ಮಲಗುತ್ತದೆ. ಅಂಟು ಬೆನ್ನಿನ ದಪ್ಪ ಪುಸ್ತಕ ತಾನೇ ಮುಚ್ಚಿಕೊಳ್ಳುತ್ತದೆ, ಒತ್ತಿ ಬಿಚ್ಚಿದರೆ ಹಾಳೆ ಉದುರುತ್ತದೆ. ಸೋಲೋದ ನಡುವೆ ಪುಟ ತಿರುವಬೇಕಾದಂತೆ ಜೋಡಿಸಿದ್ದಾರೆಯೇ ಎಂದೂ ನೋಡಿ.

ಕಾಲೇಜಿನ ಎದುರಿನ ಅಂಗಡಿಯಲ್ಲಿ ಸ್ಪೈರಲ್ ಹಾಕಿಸಿದ ಪ್ರತಿ ಕೊಳ್ಳುವವರಿದ್ದಾರೆ. ಕಾನೂನಿನ ಮಾತು ಹಾಗಿರಲಿ, ಓದಲೂ ಅದು ಕೆಟ್ಟದ್ದು. ಈ ಪುಸ್ತಕಗಳ ಅಳತೆ ಸಾಮಾನ್ಯವಾಗಿ 9×12 ಇಂಚು. ಎ4ಕ್ಕೆ ಇಳಿಸುವಾಗ ಅಚ್ಚು ಶೇ 91ಕ್ಕೆ ಕುಗ್ಗಿ 6, 8, 0 ಮೂರೂ ಒಂದೇ ಆಗುತ್ತವೆ. ಮ್ಯೂಟ್ ಮಾಡಿದ ಸ್ವರದ ಗುಣಾಕಾರ ಚಿಹ್ನೆ ಮಸಿಬೊಟ್ಟಾಗುತ್ತದೆ. ಸ್ಪೈರಲ್ಲಿನ ತೂತು ಎಡಗಡೆಯ ತಾಳದ ಅಂಕಿಯನ್ನೇ ನುಂಗುತ್ತದೆ. ದುಡ್ಡು ಉಳಿಸಬೇಕಿದ್ದರೆ ಹೈದರಾಬಾದಿನ ಅಬಿಡ್ಸ್‌ನಲ್ಲಿ ಭಾನುವಾರ ಕೂರುವ ಹಳೆ ಪುಸ್ತಕದ ಸಂತೆಯಲ್ಲಿ ಹುಡುಕಿ. ಅಲ್ಲಿ ಪುಸ್ತಕ ಸಿಕ್ಕರೆ ಮೊದಲು ನಡುವಿನ ಪಿನ್ ಹತ್ತಿರ ತೆರೆದು ಪುಟಸಂಖ್ಯೆ ಎಣಿಸಿ. ಹಳೆಯ ಪ್ರತಿಗಳಲ್ಲಿ ಕಳಚಿ ಹೋಗಿರುವುದು ಹೆಚ್ಚಾಗಿ ನಟ್ಟನಡುವಿನ ನಾಲ್ಕು ಪುಟ.