ಪುಣೆಯಲ್ಲಿ ಜೀತದಿಂದ ಬಿಡಿಸಿಕೊಂಡವರು ಊರಿನ ಬಸ್ಸು ಹತ್ತುವ ಮುನ್ನ

ಯಾದಗಿರಿ, ಕಲಬುರಗಿ, ವಿಜಯಪುರ ಕಡೆಯಿಂದ ಮುಂಗಡ ಪಡೆದು ಪುಣೆ, ಮುಂಬಯಿಗಳ ಕಟ್ಟಡ ಕೆಲಸಕ್ಕೆ ಬಂದು ಮುಕಾದಮನ (ಕೂಲಿಯಾಳುಗಳನ್ನು ಕರೆತರುವ ಗುತ್ತಿಗೆದಾರನ) ಹಿಡಿತಕ್ಕೆ ಸಿಕ್ಕವರನ್ನು ಹೇಗೆ ಬಿಡಿಸಬೇಕೆಂಬುದು ನಮ್ಮವರಿಗೆ ಗೊತ್ತು. 112ಕ್ಕೆ ಕರೆ ಮಾಡುವುದನ್ನು ಯಾರೂ ಹೇಳಿಕೊಡಬೇಕಾಗಿಲ್ಲ. ಊರಲ್ಲಿರುವ ಬಂಧುಗಳು ಅಲ್ಲಿನ ಠಾಣೆಯಲ್ಲೇ ಶೂನ್ಯ ಎಫ್‌ಐಆರ್ (ಘಟನೆ ಬೇರೆ ಠಾಣೆಯ ವ್ಯಾಪ್ತಿಯದಾದರೂ ಬರೆದುಕೊಳ್ಳುವ ದೂರು) ದಾಖಲಿಸಬಹುದು.

ದೂರಿನಲ್ಲಿ ಯಾವ ಕಲಂ ಇದೆ ಎಂಬುದನ್ನು ಮಾತ್ರ ಓದಿ ನೋಡಬೇಕು. 1976ರ ಜೀತ ರದ್ದತಿ ಕಾಯ್ದೆಯೊಂದೇ ಇದ್ದರೆ ಶಿಕ್ಷೆ ಹೆಚ್ಚೆಂದರೆ 3 ವರ್ಷ. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನ್ಯಾಯ ಸಂಹಿತೆಯ 143ನೇ ಕಲಂ ಸೇರಿದರೆ ಮಾನವ ಸಾಗಣೆಗೆ ಕನಿಷ್ಠ 7 ವರ್ಷ, ಒಬ್ಬರಿಗಿಂತ ಹೆಚ್ಚು ಜನರನ್ನು ಸಾಗಿಸಿದ್ದರೆ ಕನಿಷ್ಠ 10 ವರ್ಷ ಕಠಿಣ ಸಜೆ. "ಅವರೇ ಒಪ್ಪಿ ಬಂದರು" ಎಂಬ ಮುಕಾದಮನ ವಾದಕ್ಕೂ ಅಲ್ಲಿ ಬೆಲೆಯಿಲ್ಲ.

ನಮ್ಮವರು ಹಣ ಕಳೆದುಕೊಳ್ಳುವುದು ಬಿಡುಗಡೆಯಾದ ಮರುದಿನ. ಪುಣೆಯ ಹೊರವಲಯದ ಕಟ್ಟಡವೊಂದರಿಂದ ಬಿಡಿಸಿದ ಕುಟುಂಬಕ್ಕೆ ಅಧಿಕಾರಿಗಳು ಬಾಕಿ ಕೂಲಿಯೆಂದು ಒಂದಿಷ್ಟು ಹಣ ಕೊಡಿಸಿ, ಸಂಜೆಯೇ ಸ್ವಾರಗೇಟಿನಲ್ಲಿ ಬಸ್ಸು ಹತ್ತಿಸಿದರು. ಮಕ್ಕಳು ನಿದ್ದೆಗಣ್ಣಿನಲ್ಲಿದ್ದರು, ಪಾತ್ರೆಗಳ ಗಂಟು ಇನ್ನೂ ಬಿಚ್ಚಿರಲಿಲ್ಲ. ಆ ಹೊತ್ತಿನಲ್ಲಿ ಕಾಗದ ಕೇಳುವ ತ್ರಾಣ ಯಾರಿಗಿರುತ್ತದೆ? ಊರಿನ ಕಚೇರಿಯಲ್ಲಿ ಕೇಳಿದ ಮೊದಲ ಪ್ರಶ್ನೆಯೇ "ಬಿಡುಗಡೆ ಪ್ರಮಾಣಪತ್ರ ಎಲ್ಲಿ?" ಎಂದು. ಪ್ರಕರಣ ಕೂಲಿ ತಕರಾರೆಂದು ದಾಖಲಾಗಿ ಮುಗಿದುಹೋಗಿತ್ತು.

ಜೀತದಿಂದ ಬಿಡುಗಡೆಯಾಗಿದ್ದಕ್ಕೆ ಸಾಕ್ಷಿಯಾದ ಆ ಪ್ರಮಾಣಪತ್ರ ಕೊಡಬೇಕಾದವರು ದುಡಿಸಿಕೊಂಡ ಜಿಲ್ಲೆಯ ಜಿಲ್ಲಾಧಿಕಾರಿ ಅಥವಾ ಉಪವಿಭಾಗಾಧಿಕಾರಿ. ನಮ್ಮ ಕಡೆಯ ಎಸಿ ಸಾಹೇಬರನ್ನು ಇಲ್ಲಿ ಪ್ರಾಂತ ಅಧಿಕಾರಿ ಎನ್ನುತ್ತಾರೆ; ಹೇಳಿಕೆ ಕೊಡುವಾಗ ಕೂಲಿ ಬಾಕಿಯ ಮಾತಿಗಿಂತ ಮೊದಲು ಮುಂಗಡ ಎಷ್ಟು, ಹೊರಹೋಗಲು ತಡೆದವರು ಯಾರು ಎಂಬುದನ್ನು ಬರೆಸಿ, "ವೇಠಬಿಗಾರಿ" (ಜೀತಕ್ಕೆ ಮರಾಠಿ ಮಾತು) ಎಂದೇ ಹೇಳಬೇಕು. ಅದು ಜೀತದ ಸಾಲವಲ್ಲವೆಂದು ಸಾಬೀತುಪಡಿಸುವ ಹೊಣೆ ಸಾಲ ಕೊಟ್ಟವನದು. ಕೇಂದ್ರದ ಯೋಜನೆಯಂತೆ ತಕ್ಷಣದ ನೆರವು 30,000 ರೂಪಾಯಿವರೆಗೆ. ಪುನರ್ವಸತಿಯ ಮೊತ್ತ ವಯಸ್ಕ ಪುರುಷನಿಗೆ 1 ಲಕ್ಷ, ಮಹಿಳೆ ಮತ್ತು ಮಕ್ಕಳಿಗೆ 2 ಲಕ್ಷ, ತೀವ್ರ ಶೋಷಣೆಯ ಪ್ರಕರಣಗಳಲ್ಲಿ 3 ಲಕ್ಷ. ತಕ್ಷಣದ ನೆರವಿಗೆ ತೀರ್ಪಿನವರೆಗೆ ಕಾಯಬೇಕಾಗಿಲ್ಲ. ಆದ್ದರಿಂದ ಒಂದೆರಡು ರಾತ್ರಿ ಹೆಚ್ಚಾದರೂ ಸರಿ, ಅಧಿಕಾರಿ ಎಷ್ಟೇ ಅವಸರ ಮಾಡಲಿ, ಆ ಕಾಗದ ಕೈಸೇರದೆ ಬಸ್ಸು ಹತ್ತಬೇಡಿ.

ಮಕ್ಕಳ ವಿಷಯದಲ್ಲಿ ನನಗೆ ಗೋವಾದ ವ್ಯವಸ್ಥೆಯೇ ಮೇಲೆನಿಸುತ್ತದೆ: 2003ರ ಗೋವಾ ಮಕ್ಕಳ ಕಾಯ್ದೆಯಡಿ ಪ್ರತ್ಯೇಕ ಮಕ್ಕಳ ನ್ಯಾಯಾಲಯವಿದೆ, ಕುಟುಂಬದವರೊಂದಿಗೆ ತಂಗಿರುವುದಾಗಿ ನೋಂದಣಿಯಾಗದ ಮಗುವನ್ನು ಹೋಟೆಲ್ ಕೋಣೆಗೆ ಬಿಡುವಂತಿಲ್ಲ. ಮಹಾರಾಷ್ಟ್ರವಾಗಲಿ ಕರ್ನಾಟಕವಾಗಲಿ ಇದನ್ನು ನೋಡಿ ಕಲಿಯಬಾರದೇಕೆ?

ಊರು ಸೇರಿದ ಮೇಲೆ ಮುಕಾದಮ ಮುಂಗಡ ಕೇಳಲು ಬಂದೇ ಬರುತ್ತಾನೆ. ಜೀತದ ಸಾಲ ಕಾನೂನಿನ ಪ್ರಕಾರ ರದ್ದಾಗಿರುತ್ತದೆ, ಅದರ ಬಾಬ್ತು ಹಣ ಪಡೆಯುವುದಕ್ಕೂ 3 ವರ್ಷದವರೆಗೆ ಸಜೆಯಿದೆ. ಪ್ರಮಾಣಪತ್ರದ ಜೆರಾಕ್ಸ್ ಒಂದನ್ನು ಊರಿನ ಠಾಣೆಗೆ ಮೊದಲೇ ಕೊಟ್ಟಿಡಿ.